ರಾಜರು ಬಂದ ದಿನ ಪೂರ್ವಿ ಇರಲಿಲ್ಲ

ರಾಜರು ಕಾಲೇಜಿಗೆ ಬರುತ್ತಾರೆಂಬ ಸುದ್ದಿಯನ್ನು ಮೊದಲು ತಂದವಳು ಪೂರ್ವಿಯೇ. ಹೋದ ವರ್ಷ ಹಾಸ್ಟೆಲ್ ಕೋಣೆಗೆ ಓಡಿಬಂದು, "ಫರೀಹಾ, ಆವತ್ತು ಮುಂದಿನ ಸಾಲಲ್ಲೇ ಕೂತ್ಕೋಬೇಕು ಕಣೇ" ಎಂದಿದ್ದಳು.

ಮಲೇಷ್ಯಾದ ಮೆಲಾಕಾದಲ್ಲಿದ್ದ ಆ ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಕನ್ನಡದವರು ಇಬ್ಬರೇ: ಮೈಸೂರಿನ ಪೂರ್ವಿ, ಗದಗಿನ ಫರೀಹಾ. ಆ ದೇಶದ ಮುದಿ ರಾಜರೆಂದರೆ ಊರಿಗೆಲ್ಲ ಅಕ್ಕರೆ. ತಮಿಳರ ದಿನಸಿ ಅಂಗಡಿಯಲ್ಲಿ ಕೂಡ ದೇವರ ಪಟಗಳ ಪಕ್ಕ ಅವರ ಫೋಟೊ ಇತ್ತು. ಒಮ್ಮೆ ಶಾಲೆಯೊಂದರಲ್ಲಿ ಮಗುವೊಂದು ನಿದ್ದೆ ಹೋದಾಗ, ಎಬ್ಬಿಸಬೇಡಿ ಎಂದು ಸನ್ನೆ ಮಾಡಿ, ದನಿ ತಗ್ಗಿಸಿ ಅವರು ಭಾಷಣ ಮುಗಿಸಿದ್ದರು. ಆ ವಿಡಿಯೊ ನೋಡಿದಾಗಲೆಲ್ಲ ಪೂರ್ವಿಯ ಕಣ್ಣು ತುಂಬುತ್ತಿತ್ತು.

ರಾಜರ ಆರೋಗ್ಯ ಕೆಟ್ಟು ಭೇಟಿ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಪೂರ್ವಿ ಎರಡನೇ ಸಲ ಫೇಲಾದಳು. ಯಾರಿಗೂ ಮುಖ ತೋರಿಸದೆ ಊರಿಗೆ ಹೊರಟುಹೋದಳು. ಆ ದಿನ ಫರೀಹಾಗೆ ವೈವಾ ಇತ್ತು. ಮುಗಿಸಿ ಕೋಣೆಗೆ ಬಂದಾಗ ಎದುರಿನ ಮಂಚದ ಮೇಲೆ ಬರಿಯ ಹಾಸಿಗೆ ಇತ್ತು. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಪೂರ್ವಿ ಎತ್ತಲಿಲ್ಲ.

ಕೊನೆಗೂ ರಾಜರು ಬರುವ ದಿನ ಗೊತ್ತಾಯಿತು. ಉಡುಪಿ ಕಡೆಯ ಲೆಕ್ಚರರ್ ಡಾಕ್ಟರ್ ರತ್ನಾಕರ ಎಚ್ಚರಿಸಿದರು: "ಹಳದಿ ಬಟ್ಟೆ ಹಾಕ್ಬೇಡ ಮಾರಾಯ್ತಿ, ಅದು ಅರಮನೆಯ ಬಣ್ಣ. ಪ್ರಶ್ನೆ ಕೇಳುವವರು ಯಾರು ಅಂತ ಮೊದಲೇ ನಿಶ್ಚಯ ಆಗಿದೆ. ನೀವೆಲ್ಲ ಸುಮ್ಮನೆ ಕೂತ್ರೆ ಸಾಕು."

ಫರೀಹಾ ಹಿಂದಿನ ಸಾಲಿನಲ್ಲಿ ಕುಳಿತಳು. ಒಬ್ಬಳೇ ಮುಂದೆ ಹೋಗಿ ಕೂರಲು ಅವಳಿಗೆ ಮನಸ್ಸಾಗಲಿಲ್ಲ.

ಕೋಲೂರಿಕೊಂಡು ರಾಜರು ಬಂದಾಗ ಸಭಾಂಗಣವಿಡೀ ಎದ್ದುನಿಂತು "ದೌಲತ್ ತುವಾಂಕು!" ಎಂದು ಮಲಯ ಭಾಷೆಯಲ್ಲಿ ದೊರೆಗೆ ಜಯಕಾರ ಹಾಕಿತು. ಅವರು ಬರೆದು ತಂದಿದ್ದನ್ನು ಓದಲಿಲ್ಲ. ನಿಧಾನವಾದ ಇಂಗ್ಲಿಷಿನಲ್ಲಿ, "ನಾನು ಪರದೇಶದಲ್ಲಿ ಓದುವಾಗ ಮೊದಲ ವರ್ಷವೇ ಫೇಲಾದೆ" ಎಂದರು. ಎಲ್ಲರೂ ನಕ್ಕರು. ಫರೀಹಾಗೆ ನಗು ಬರಲಿಲ್ಲ. ಈ ಮಾತು ಕೇಳಬೇಕಾದವಳು ಇಲ್ಲಿಲ್ಲವಲ್ಲ ಎಂದುಕೊಂಡಳು.

ಪ್ರಶ್ನೆಗಳು ಮುಗಿದ ಮೇಲೆ ರಾಜರು, "ಹಿಂದೆ ಕುಳಿತವರು ಯಾರೂ ಏನೂ ಕೇಳಲಿಲ್ಲ" ಎಂದರು. ಫರೀಹಾ ಯೋಚಿಸದೆಯೇ ಎದ್ದು ನಿಂತಳು. ರತ್ನಾಕರ ಕೈಸನ್ನೆ ಮಾಡಿದ್ದು ಕಂಡರೂ ಕೂರಲಿಲ್ಲ.

"ತುವಾಂಕು, ನನ್ನ ಗೆಳತಿ ಫೇಲಾಗಿ ಊರಿಗೆ ಹೋದಳು. ಫೋನ್ ಎತ್ತುವುದಿಲ್ಲ. ಅವಳಿಗೆ ನಾನು ಏನು ಹೇಳಲಿ?"

ರಾಜರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಫೇಲಾದಾಗ ನನಗೂ ಒಬ್ಬ ಗೆಳೆಯನಿದ್ದ. ಹಾಸ್ಟೆಲಿಗೆ ಬಂದು ಬಾಗಿಲು ತಟ್ಟುತ್ತಿದ್ದ. ನಾಚಿಕೆಯಿಂದ ನಾನು ತೆಗೆಯುತ್ತಿರಲಿಲ್ಲ. ಒಳಗೆ ಕೂತು, ಅವನು ಹೋಗದಿರಲಿ ಎಂದುಕೊಳ್ಳುತ್ತಿದ್ದೆ. ಒಂದು ದಿನ ಬರುವುದು ನಿಲ್ಲಿಸಿದ. ಆಮೇಲೆ ನಾನು ಹುಡುಕಿದಾಗ ಅವನಿರಲಿಲ್ಲ, ತೀರಿಕೊಂಡಿದ್ದ." ಅವರು ಫರೀಹಾಳ ಕಡೆ ನೋಡಿದರು. "ಏನು ಹೇಳಬೇಕೆಂದು ನನಗೆ ಗೊತ್ತಿಲ್ಲ ಮಗಳೇ. ನೀನು ತಟ್ಟುವುದನ್ನು ನಿಲ್ಲಿಸಬೇಡ."

ಹೊರಗೆ ಬಂದು ಫರೀಹಾ ಮತ್ತೆ ಫೋನ್ ಮಾಡಿದಳು. ಎತ್ತಲಿಲ್ಲ. ವಾಯ್ಸ್ ಮೆಸೇಜ್ ಕಳಿಸಿದಳು: "ಫೋನ್ ಎತ್ತಬ್ಯಾಡ, ಇದನ್ನಷ್ಟ ಕೇಳು. ರಾಜರು ಬಂದಿದ್ರು. ಅವರೂ ಫೇಲ್ ಆಗಿದ್ರಂತ. ನೀ ಇರಬೇಕಿತ್ತ ನೋಡ." ಮಿಕ್ಕಿದ್ದನ್ನೂ ಬಿಡದೆ ಹೇಳಿದಳು. ಮರುದಿನ ಇನ್ನೊಂದು ಕಳಿಸಿದಳು, ಅದರ ಮರುದಿನ ಮತ್ತೊಂದು.

ಒಂದು ಬೆಳಿಗ್ಗೆ ವಾರ್ಡಿಗೆ ಹೊರಟಾಗ ಫೋನ್ ಬಂತು.

"ಎಲ್ಲಾ ಕೇಳಿಸ್ಕೊಂಡೆ ಕಣೇ." ಪೂರ್ವಿಯ ದನಿ ಒಡೆದಿತ್ತು. "ಆದ್ರೆ ನಾನು ವಾಪಸ್ ಬರಲ್ಲ. ಇಲ್ಲೇ ಬಿಎಸ್ಸಿ ಸೇರ್ಕೊಂಡಿದೀನಿ."

"ಬಾ ಅಂತ ನಾ ಎಲ್ಲಿ ಅಂದೆ? ಮಾತಾಡು, ಅಷ್ಟ ಸಾಕು."

ಪೂರ್ವಿ ಅತ್ತಳು. ಅಳು ನಿಂತ ಮೇಲೆ ಹೊಸ ಕಾಲೇಜಿನ ಬಸ್ಸಿನ ನೂಕುನುಗ್ಗಲನ್ನು ಹೇಳತೊಡಗಿದಳು. ಫರೀಹಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಕೇಳಿದಳು. ಪೂರ್ವಿ ಇನ್ನು ಈ ಊರಿಗೆ ಬರುವುದಿಲ್ಲ ಎಂಬುದು ಅವಳಿಗೆ ಆಗ ಖಚಿತವಾಯಿತು. ವಾರ್ಡಿಗೆ ತಡವಾಗುತ್ತಿದ್ದರೂ, "ಹೂಂ, ಆಮ್ಯಾಲೆ?" ಎಂದಳು.