ಏಳದ ಹೊಗೆ

ಅತ್ತೆ ಉಪ್ಪಿನ ಡಬ್ಬಿಗೆ ಸುರಿದದ್ದು ಯಾವ ಪೊಟ್ಟಣವೆಂದು ಅವರಿಗೇ ನೆನಪಿರಲಿಲ್ಲ. ಕಟ್ಟೆಯ ಮೇಲೆ ಎರಡಿದ್ದವು. ಒಂದು ಉಪ್ಪು, ಇನ್ನೊಂದು ಹಳೆಯ ಹೊದಿಕೆಗೆ ಬಣ್ಣ ಕಟ್ಟಲೆಂದು ಮಗ ಬಣ್ಣದ ಕಾರ್ಖಾನೆಯಿಂದ ತಂದಿದ್ದ ನೈಟ್ರೈಟ್. ಕಣ್ಣಿಗೆ ಎರಡೂ ಒಂದೇ ಬಿಳುಪು. ಒಂದು ರುಚಿ, ಒಂದು ವಿಷ. ಮಾವ ಆಗಲೇ ಡಬ್ಬಿಯಿಂದ ಚಿಟಿಕೆ ತೆಗೆದು ಬೇಯಿಸಿದ ಆಲೂಗಡ್ಡೆಗೆ ಉದುರಿಸಿಕೊಂಡು ತಿಂದು ಕೈ ತೊಳೆದಿದ್ದರು.

"ರೀ, ಪಕ್ಕದ ಮನೆಯವರ ಕಾರು ಕೇಳಿ, ಆಸ್ಪತ್ರೆಗೆ ಹೊರಡಿ!" ಎಂದಳು ಸೊಸೆ. ಎದುರಿನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವಳು. "ಕಾರು ಬರೋದ್ರೊಳಗೆ ಲ್ಯಾಬಲ್ಲಿ ನೋಡಿಬಿಡ್ತೀನಿ."

"ಗಾಬರಿ ಯಾಕಮ್ಮಾ?" ಮಾವ ನಕ್ಕರು. "ನಿಮ್ಮತ್ತೆ ನನ್ನ ಮೇಲೆ ಪ್ರಯೋಗ ಮಾಡೋದು ಹೊಸದಾ?"

ಅತ್ತೆ ನಗಲಿಲ್ಲ.

ಡಬ್ಬಿ, ಉಳಿದ ಪೊಟ್ಟಣ ಎರಡನ್ನೂ ಹಿಡಿದು ಸೊಸೆ ಓಡಿದಳು. ಗಾಜಿನ ನಳಿಕೆಯನ್ನು ನಲ್ಲಿಗೆ ಹಿಡಿದು, ಡಬ್ಬಿಯ ಪುಡಿ ಕರಗಿಸಿ, ಸಿಲ್ವರ್ ನೈಟ್ರೇಟ್ ಹನಿಸಿದಳು. ಒಡೆದ ಹಾಲಿನಂತೆ ಬಿಳಿ ಗಸಿ! ಕ್ಲೋರೈಡ್, ಅಂದರೆ ಉಪ್ಪೇ. ಬಿಗಿಹಿಡಿದ ಉಸಿರು ಹೊರಬಂತು. ಆಮೇಲೆ ನಲ್ಲಿಯತ್ತ ನೋಡಿದಳು. ಆ ನೀರಿನಲ್ಲೂ ಕ್ಲೋರೈಡ್ ಇರುತ್ತದಲ್ಲ! ಬರೀ ನಲ್ಲಿನೀರಿಗೂ ಅದೇ ಹನಿ ಬಿಟ್ಟಳು. ಅದೂ ಮಸುಕಾಯಿತು. ಇನ್ನು ಆ ಗಸಿಯನ್ನು ನಂಬುವಂತಿಲ್ಲ. ಮಕ್ಕಳು ಹೀಗೆ ಮಾಡಿದ್ದರೆ ಸೊನ್ನೆ ಹಾಕುತ್ತಿದ್ದಳು.

ಹೊರಗೆ ಕಾರಿನ ಹಾರ್ನ್.

"ಸ್ವಾಮೀ, ಇದಾದ್ರೂ ಸರಿಯಾಗಲಿ," ಎಂದುಕೊಂಡು ಒಣ ನಳಿಕೆಗೆ ಡಬ್ಬಿಯ ಪುಡಿ ಹಾಕಿ, ನೀರು ಬೆರೆಸಿದ ಆಮ್ಲ ಬಿಟ್ಟಳು. ನೈಟ್ರೈಟ್ ಆದರೆ ಕಂದು ಹೊಗೆ ಏಳಬೇಕು. ಬಿಳಿ ಹಾಳೆಯನ್ನು ಹಿಂದೆ ಹಿಡಿದು ನೋಡಿದಳು. ಏನೂ ಇಲ್ಲ. ಆಮ್ಲವೇ ಸತ್ತಿದ್ದರೆ? ಉಳಿದ ಪೊಟ್ಟಣದ ಪುಡಿಗೂ ಅದೇ ಆಮ್ಲ ಬಿಟ್ಟಳು. ಬುಸ್ಸೆಂದು ಕಂದು ಹೊಗೆ ಎದ್ದಿತು! ಅಷ್ಟು ಕೊಳಕು ಬಣ್ಣವನ್ನು ಅವಳು ಎಂದೂ ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ.

ಕಿಟಕಿ ತೆರೆದು ಕೂಗಿದಳು: "ಉಪ್ಪೇ ಕಣ್ರೀ! ಮಾವ ತಿಂದಿದ್ದು ಬರೀ ಉಪ್ಪು!"

ಬೀದಿಯಲ್ಲಿ ಗಂಡ ಸ್ಟಿಯರಿಂಗ್ ಮೇಲೆ ತಲೆಯಿಟ್ಟ. ಹಿಂದಿನ ಸೀಟಿನಲ್ಲಿ ಮಾವ, "ಕೇಳಿದ್ಯಾ? ಇನ್ನಾದ್ರೂ ಕೈ ಬಿಡೇ, ನೋಯ್ತಿದೆ," ಎಂದರು.

"ಸುಮ್ನೆ ಕೂತ್ಕೊಳ್ಳಿ," ಎಂದರು ಅತ್ತೆ ಕಣ್ಣೊರೆಸುತ್ತ. "ಹೇಗೂ ಕಾರು ಬಂದಿದೆ. ಒಂದು ಸುತ್ತು ಹೋಗಿ ಬರೋಣ."