ಮಾವಿನ ತೋಟದ ಸರ್ವೆ

“ಸವಿತಾ ಅವರು ನಿಮ್ಮ ಹೆಸರು ಕೊಟ್ಟಾರ್ರೀ. ಅವರ ಬಗ್ಗೆ ಸ್ವಲ್ಪ ಕೇಳೂದಿತ್ತು.”

ಫೋನಿನಲ್ಲಿ ಕಂಪನಿಯ ಹೆಸರು ಕೇಳುತ್ತಲೇ ಸುಧಾರಾಣಿ ಒದ್ದೆ ಬಟ್ಟೆಯ ಬಕೆಟ್ಟನ್ನು ಮಾಳಿಗೆಯ ಮೇಲೆ ಇಟ್ಟುಬಿಟ್ಟಳು. ಹಾನಗಲ್ಲಿನ ಆ ಮಾವಿನ ತಿರುಳಿನ ಕಂಪನಿಗೆ ಖರೀದಿ ಮ್ಯಾನೇಜರ್ ಬೇಕಾಗಿದ್ದರು. ಅವಳೂ ಅರ್ಜಿ ಹಾಕಿದ್ದಳು, ಜೊತೆಗೆ ಓದಿದ ಗೆಳತಿ ಸವಿತಾಳಿಗೆ ಹೇಳದೆ. ಎಂಬಿಎಯಲ್ಲಿ ತರಗತಿಗೇ ಮೊದಲು ಬಂದ ತನಗೆ ಸಂದರ್ಶನದ ಕರೆ ಕೂಡ ಇಲ್ಲ. ಎರಡು ವಿಷಯಗಳಲ್ಲಿ ಹೇಗೋ ಪಾಸಾದ ಸವಿತಾ ಕೊನೆಯ ಸುತ್ತಿಗೆ ಬಂದಿದ್ದಾಳೆ!

“ಓದುವಾಗ ಆಡೂರು ಕಡೆ ಬೆಳೆಗಾರರ ಸರ್ವೆ ಮಾಡೇನಿ ಅಂತ ಬರದಾರ. ಖರೇನ್ರೀ?”

ಏಪ್ರಿಲ್ ಬಿಸಿಲಲ್ಲಿ ನಲವತ್ತು ತೋಟ ತಿರುಗಿದವಳು ಸವಿತಾ. ಫ್ಯಾನಿನ ಕೆಳಗೆ ಕುಳಿತು ವರದಿ ಬರೆದವಳು ಸುಧಾರಾಣಿ.

“ಸರ್ವೆ ನಾ ಮಾಡಿದ್ದು ರೀ. ಆಕಿ ಜೋಡಿ ಬರ್ತಿದ್ಲು, ಅಷ್ಟ.”

ಎದೆ ಹಗುರಾದಂತಾಯಿತು. ಬಟ್ಟೆಗಳನ್ನೆಲ್ಲ ಕೊಡವಿ ಕೊಡವಿ ಒಣಹಾಕಿದಳು.

ನಾಲ್ಕನೆಯ ದಿನ ಸವಿತಾ ಪೇಡೆಯ ಡಬ್ಬಿ ಹಿಡಿದು ಬಂದಳು. ಚಪ್ಪಲಿ ಬಿಡುವ ಮೊದಲೇ, “ನೌಕರಿ ಸಿಕ್ತು!” ಎಂದು ಕೂಗಿದಳು.

ಸುಧಾರಾಣಿಯ ತಾಯಿ ಸರೋಜವ್ವ ಅವಳ ಬಾಯಿಗೆ ಸಕ್ಕರೆ ಹಾಕಿ, “ನಮ್ಮಾಕಿನೂ ನಿನ್ನಷ್ಟ ಕಲ್ತಾಳ. ಮನ್ಯಾಗ ಕುಂತಾಳ ನೋಡವಾ,” ಎನ್ನುತ್ತ ಚಹಾ ಇಡಲು ಹೋದಳು. ಆ ಮಾತಿಗೆ ಸುಧಾರಾಣಿಯ ಕಿವಿ ಕಾದವು.

ಸವಿತಾ ದನಿ ತಗ್ಗಿಸಿದಳು. “ಸರ್ವೆ ನೀನ ಮಾಡಿದ್ದಿ ಅಂದೀಯಂತ. ಸಾಹೇಬ್ರು ಕೇಳಿದ್ರು.”

ಸುಧಾರಾಣಿ ಪೇಡೆಯ ಡಬ್ಬಿಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಸವಿತಾ ಮಾತು ಮುಂದುವರಿಸಿದಳು.

“ವರದಿ ಬರದಾಕಿ ಆಕಿನ ರೀ, ತಿರಗಾಡಿದಾಕಿ ನಾ ಅಂದೆ. ಹಂಗಾರ ಬೆಳೆಗಾರರ ಹೆಸರು ಹೇಳ್ರಿ ಅಂದ್ರು. ಭರಮಪ್ಪ, ಕರೀಮಸಾಬ, ಹುಲಗೇಶ… ಯಾರ ತ್ವಾಟದಾಗ ಯಾವ ವಾರ ಕಾಯಿ ಬಲೀತಾವ ಅನ್ನೂದೂ ಹೇಳಿದೆ. ಸಾಕು ಬಿಡ್ರಿ ಅಂದ್ರು.”

ಆ ಮಾತಿನಲ್ಲಿ ಎಲ್ಲಾದರೂ ಸಿಟ್ಟಿದೆಯೇ ಎಂದು ಸುಧಾರಾಣಿ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

“ಸುಧಾ, ನಿನ್ನ ಕರಿ ಕೋಟು ಕೊಡ್ತೀಯೇನ? ಮೊದಲ್ನೇ ದಿನಕ್ಕಷ್ಟ.”

ಸುಧಾರಾಣಿ ಅವಳನ್ನು ಕೋಣೆಗೆ ಕರೆದೊಯ್ದಳು. ಕಪಾಟು ತೆರೆದಳು. ಕ್ಯಾಂಪಸ್ ಸಂದರ್ಶನಗಳಿಗೆಂದು ಅಪ್ಪ ಹುಬ್ಬಳ್ಳಿಯಲ್ಲಿ ಹೊಲಿಸಿಕೊಟ್ಟಿದ್ದ ಕೋಟು ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು. ಸವಿತಾ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಭುಜದ ಮೇಲೆ ಒಂದು ಸುಕ್ಕೂ ಇರಲಿಲ್ಲ.

“ಬಿಗಿ ಆಗೇತೇನ?”

“ಇಲ್ಲ. ಬರೋಬ್ಬರಿ ಐತಿ,” ಎಂದ ಸುಧಾರಾಣಿ ಅವಳ ಎದುರು ನಿಂತು ಗುಂಡಿ ಹಾಕಿದಳು. ಕಾಲರಿಗೆ ಒಂದು ಬಿಳಿ ದಾರದ ಎಳೆ ಅಂಟಿತ್ತು. ಅದನ್ನು ತೆಗೆದಳು. ತೆಗೆದ ಮೇಲೂ ಅವಳ ಬೆರಳು ಅಲ್ಲೇ ಉಜ್ಜುತ್ತಿತ್ತು.