ಹೊಸ್ತಿಲ ಬಳಿಯ ಸೆನ್ಸರ್

“ಒಂಬತ್ನೇ ಕ್ಲಾಸ್ ಫೇಲಾದೋನ ಕೈಲಿ ಅಲಾರಂ ಹಾಕ್ಸಿದ್ರೆ ಇನ್ನೇನಾಗ್ತದೆ?”

ಬಟವಾಡಿ ಬಡಾವಣೆಯ ಆ ಬೀದಿಯವರೆಲ್ಲ ಗೇಟಿನ ಮುಂದೆ ನಿಂತಿರುವಾಗ ಬೆಟ್ಟಸ್ವಾಮಿ ಮೇಷ್ಟ್ರು ನನಗೆ ಹಾಗೆಂದರು. ಅವರ ಮನೆಯ ಅಲಾರಂ ಕಳ್ಳನಿಲ್ಲದೆಯೇ ದಿನಾ ಬೆಳಿಗ್ಗೆ ಕಿರುಚುತ್ತಿತ್ತು. ಇವತ್ತು ಸರಿಮಾಡದಿದ್ದರೆ ಕೆಲಸಕ್ಕೆ ಬರಬೇಡ ಎಂದು ನಮ್ಮ ಅಂಗಡಿಯ ಓನರ್ ಹೇಳಿದ್ದ.

ಅಲಾರಂ ಬಿಚ್ಚಿ ನೋಡಿದೆ. ಬ್ಯಾಟರಿ, ವೈರು ಎಲ್ಲ ಸರಿಯಿದ್ದವು.

“ಅಮ್ಮಾ, ಅದು ಕೂಗೋಕೆ ಮುಂಚೆ ಏನ್ಮಾಡ್ತೀರಾ?” ಎಂದು ಅವರ ಹೆಂಡತಿಯನ್ನು ಕೇಳಿದೆ.

“ಏನಿಲ್ಲಪ್ಪ. ಹೊಸ್ಲು ತೊಳ್ದು, ಬೀಗ ಹಾಕಿ, ಅಲಾರಂ ಆನ್ ಮಾಡಿ ಇಬ್ರೂ ವಾಕಿಂಗ್ ಹೋಗ್ತೀವಿ.”

ಬಾಗಿಲು ತೆರೆದರೆ ಅಲಾರಂ ಕೂಗಿಸುವ ಸೆನ್ಸರನ್ನು ಬಗ್ಗಿ ನೋಡಿದೆ. ಬಾಗಿಲ ಮೇಲೆ ಗಜಲಕ್ಷ್ಮಿ ಕೆತ್ತನೆಯಿದೆ, ಅಲ್ಲಿ ಡ್ರಿಲ್ ಮಾಡಬೇಡ ಎಂದು ಸೆನ್ಸರನ್ನು ಹೊಸ್ತಿಲ ಬಳಿ ಹಾಕಿಸಿದ್ದು ಮೇಷ್ಟ್ರೇ.

ಬಾಗಿಲು ಮುಚ್ಚಿ, ಅಲಾರಂ ಆನ್ ಮಾಡಿಸಿ, ಎಲ್ಲರೆದುರೇ ಹೊಸ್ತಿಲಿಗೆ ಒಂದು ಚೊಂಬು ನೀರು ಸುರಿದೆ. ಸ್ವಲ್ಪ ಹೊತ್ತಿಗೇ ಅಲಾರಂ ಕಿರುಚಿತು. ಬೀದಿಯವರೆಲ್ಲ ನಕ್ಕುಬಿಟ್ಟರು.

ಹೊಸ ಸೆನ್ಸರನ್ನು ಬಾಗಿಲ ಪಕ್ಕಕ್ಕೆ, ಎದೆಮಟ್ಟಕ್ಕೆ ಕೂರಿಸಿದೆ. ಈ ಸಲ ನಾಲ್ಕು ಚೊಂಬು ಸುರಿದು ಕಾದರೂ ಸದ್ದಿಲ್ಲ.

“ನೀರು ತಾಗ್ತದೆ ಅಂತ ಅವತ್ತೇ ಹೇಳೋಕೇನಾಗಿತ್ತಲಾ ನಿಂಗೆ?” ಎಂದರು ಮೇಷ್ಟ್ರು.

ಅಷ್ಟು ಕೆಳಗೆ ಬೇಡ ಎಂದು ಅವತ್ತು ಎರಡು ಸಲ ಹೇಳಿದ್ದೆ. ಬ್ಯಾಗು ಹೆಗಲಿಗೇರಿಸಿ, ಅವರ ಮುಖವನ್ನೂ ನೋಡದೆ ಗೇಟು ದಾಟಿ ನಡೆದೆ.